ಎರಡನೆಯ ಸಲ ಬರುವ ಸಾಲು

ಪ್ರಿಯ ತಮ್ಮ,

ಎರಡು ಸಂಕಲನಗಳ ತುಂಬ ಕಥನಕವನ ಬರೆದವನು ಈಗ ಆರೆಂಟು ಸಾಲಿನ ಹಾಡಿಗೆ ಕೈ ಹಾಕಿದರೆ ಓದುಗರು ಏನೆಂದುಕೊಂಡಾರು ಎಂದು ಕೇಳಿದ್ದೀಯ. ಓದುಗರ ಚಿಂತೆ ಬಿಡು, ಅವರಿಗೆ ಬೇರೆ ಕೆಲಸಗಳಿವೆ. ಕಥೆ ಹೇಳಿ ಪಳಗಿದ ಕೈಗೆ ಕಥೆಯನ್ನು ಕೆಳಗಿಡಲು ಬರುತ್ತದೆಯೇ ಎಂದು ಕೇಳಿದ್ದರೆ ನಾನು ತುಸು ಯೋಚಿಸುತ್ತಿದ್ದೆ. ಈಚೆಗೆ ನಾನು ಮತ್ತೆ ಮತ್ತೆ ಕೇಳುತ್ತಿರುವ ಒಬ್ಬ ಅಮೆರಿಕನ್ ಹಾಡುಗಾರನ ಸಂಗತಿ ಹೇಳುತ್ತೇನೆ, ಕೇಳು.

ಸ್ಟೀವ್ ಅರ್ಲ್ ಹುಟ್ಟಿದ್ದು 1955ರಲ್ಲಿ, ಬೆಳೆದದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಆಸುಪಾಸಿನಲ್ಲಿ. ಹರೆಯದಲ್ಲೇ ಹಾಡುಗಾರರ ಊರಾದ ನ್ಯಾಶ್‌ವಿಲ್ ಸೇರಿ, ಟೌನ್ಸ್ ವ್ಯಾನ್ ಜಾಂಟ್, ಗೈ ಕ್ಲಾರ್ಕ್ ಎಂಬ ಹಿರಿಯ ಹಾಡು ಕಟ್ಟುವವರ ಹಿಂದೆ ಸುತ್ತಿ ಕಸುಬು ಕಲಿತ. 1986ರ 'ಗಿಟಾರ್ ಟೌನ್' ಆಲ್ಬಂ ಕಂಟ್ರಿ ಸಂಗೀತದಲ್ಲಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಬಿಳಿಯರದೆಂದು ಹೆಸರಾದ ಹಾಡಿನ ಪ್ರಕಾರದಲ್ಲಿ, ಅವನಿಗೆ ಹೆಸರು ತಂದಿತು. ಎರಡು ವರ್ಷದ ನಂತರದ 'ಕಾಪರ್‌ಹೆಡ್ ರೋಡ್' ಹಾಡನ್ನು ನೀನು ಕೇಳಲೇಬೇಕು. ಕಳ್ಳಭಟ್ಟಿ ಇಳಿಸುವ ಅಜ್ಜ, ಅದನ್ನು ಸಾಗಿಸುವ ಅಪ್ಪ, ವಿಯೆಟ್ನಾಂ ಯುದ್ಧದಿಂದ ಮರಳಿ ಗಾಂಜಾ ಬೆಳೆಯಲು ಹೊರಡುವ ಮಗ: ಮೂರು ತಲೆಮಾರು ಸುಮಾರು ನಾಲ್ಕೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ಇಂಥ ಕಥೆಗಾರ ಅರವತ್ತು ತುಂಬಿದ ಮರುತಿಂಗಳು, 2015ರ ಫೆಬ್ರವರಿಯಲ್ಲಿ, 'ಟೆರಾಪ್ಲೇನ್' ಎಂಬ ಬ್ಲೂಸ್ ಆಲ್ಬಂ ತಂದ. ಬ್ಲೂಸ್ ಎಂದರೆ ಅಮೆರಿಕದ ಕರಿಯರು ಕಟ್ಟಿದ, ನೋವು ತೋಡಿಕೊಳ್ಳುವ ಹಾಡಿನ ಪ್ರಕಾರ.

ಟೆರಾಪ್ಲೇನ್ ಎಂಬುದು 1930ರ ದಶಕದ ಒಂದು ಕಾರು. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅದರ ಹೆಸರಿನಲ್ಲಿ ಕಟ್ಟಿದ ಹಾಡು 1936ರಲ್ಲಿ ಧ್ವನಿಮುದ್ರಣವಾದದ್ದು ಇದೇ ಸ್ಯಾನ್ ಆಂಟೋನಿಯೊದ ಒಂದು ಹೋಟೆಲಿನಲ್ಲಿ. ಹಾಗಾಗಿ ಅರ್ಲ್ ಪರದೇಶಕ್ಕೇನೂ ಹೋಗಲಿಲ್ಲ. ಕಂಟ್ರಿಯ ಹಿರಿಯ ಜಿಮ್ಮಿ ರಾಜರ್ಸ್‌ನ ಯೋಡೆಲ್‌ಗಳು, ದನಿಯನ್ನು ಥಟ್ಟನೆ ಮೇಲಕ್ಕೆ ಹಾರಿಸುವ ಆ ಹಾಡುಗಳು, ಬ್ಲೂಸ್ ಅಚ್ಚಿನಲ್ಲೇ ಇವೆ. ಕಂಟ್ರಿಯ ಇನ್ನೊಬ್ಬ ಹೆಸರಾಂತ ಗಾಯಕ ಹ್ಯಾಂಕ್ ವಿಲಿಯಮ್ಸ್ ಬಾಲ್ಯದಲ್ಲಿ ಗಿಟಾರ್ ಕಲಿತದ್ದು ಅಲಬಾಮಾದ ಬೀದಿಗಳಲ್ಲಿ ಹಾಡುತ್ತಿದ್ದ ಕರಿಯ ಗಾಯಕ ರೂಫಸ್ ಪೇಯ್ನ್‌ನಿಂದ. ಬಿಳಿಯರಿಗೊಂದು ಪಟ್ಟಿ, ಕರಿಯರಿಗೊಂದು ಪಟ್ಟಿ ಎಂದು 1920ರ ದಶಕದಲ್ಲಿ ವಿಂಗಡಿಸಿದವರು ರೆಕಾರ್ಡ್ ಮಾರುವ ಕಂಪನಿಯವರು. ಅಂಗಡಿಯವರ ಅನುಕೂಲಕ್ಕೆ ಹಾಕಿದ ಗೆರೆಯನ್ನು ಕಲಾವಿದರು ಶಾಸ್ತ್ರವೆಂದು ನಂಬುವುದು ನಮ್ಮಲ್ಲೂ ಇದೆ, ಇರಲಿ.

ಬ್ಲೂಸ್‌ನ ಕಟ್ಟು ಬಹಳ ಬಿಗಿ. ಒಂದು ಪದ್ಯಕ್ಕೆ ತಾಳದ 12 ಆವರ್ತ (ಬಾರ್), ಮೂರು ಸಾಲು. ಮೊದಲ ಸಾಲು ಬರುತ್ತದೆ, ಅದೇ ಸಾಲು ಮತ್ತೆ ಬರುತ್ತದೆ, ಮೂರನೆಯದು ಪ್ರಾಸ ಕೂಡಿಸಿ ಉತ್ತರ ಕೊಡುತ್ತದೆ. ನಿನ್ನಂಥವನಿಗೆ ಎರಡನೆಯ ಸಾಲು ದಂಡವೆನಿಸುತ್ತದೆ: ಅಲ್ಲಿ ಒಂದು ಪಾತ್ರವನ್ನೋ ಒಂದು ಮಳೆಯನ್ನೋ ತರಬಹುದಿತ್ತಲ್ಲ! ಆದರೆ ಕಿವಿಗೊಟ್ಟು ಕೇಳು. ಮೊದಲ ಸಲ ಸಾಲು ಬಂದಾಗ ಗಿಟಾರ್ ತನ್ನ ಮೂಲ ಸ್ವರಮೇಳದಲ್ಲಿ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲಿನಲ್ಲಿ (ಕಾರ್ಡ್), ಇರುತ್ತದೆ. ಎರಡನೆಯ ಸಲಕ್ಕೆ ಅದು ನಾಲ್ಕನೆಯ ಸ್ವರದ ಮೇಲೆ ಕಟ್ಟಿದ ಸ್ವರಮೇಳಕ್ಕೆ ಸರಿದಿರುತ್ತದೆ. ಮಾತು ಅದೇ, ಅದರ ಕೆಳಗಿನ ನೆಲ ಬೇರೆ. ಮೊದಲು ಸುದ್ದಿಯಂತೆ ಕೇಳಿಸಿದ್ದು ಈಗ ದೂರಿನಂತೆಯೋ ಹಟದಂತೆಯೋ ಕೇಳಿಸುತ್ತದೆ. ಜೊತೆಗೆ, ಗಾಯಕ ಪ್ರತಿ ಸಾಲನ್ನೂ ಅರ್ಧ ದಾರಿಯಲ್ಲೇ ಮುಗಿಸಿ ಉಳಿದ ಜಾಗವನ್ನು ವಾದ್ಯಕ್ಕೆ ಬಿಡುತ್ತಾನೆ. ಆ ಜಾಗದಲ್ಲಿ ಕೇಳುವವನು ತನ್ನ ಕಥೆಯನ್ನು ತಾನೇ ಹೊಂದಿಸಿಕೊಳ್ಳುತ್ತಾನೆ. ಹೂಸ್ಟನ್ನಿನ ಬ್ಲೂಸ್ ಗಾಯಕ ಲೈಟ್ನಿನ್ ಹಾಪ್ಕಿನ್ಸ್ ಈ 12ರ ಲೆಕ್ಕವನ್ನೂ ಕಟ್ಟುನಿಟ್ಟಾಗಿ ಇಟ್ಟವನಲ್ಲ, ತನಗೆ ಬೇಕಾದಾಗ ಸ್ವರಮೇಳ ಬದಲಿಸುತ್ತಿದ್ದ. ಅವನ ದಾರಿಗೆ ನೀನು ಈಗಲೇ ಹೋಗಬೇಡ.

ಇಡೀ 'ಟೆರಾಪ್ಲೇನ್' ಗೆದ್ದಿದೆ ಎಂದು ನಾನು ಹೇಳುವುದಿಲ್ಲ. 'ಟೆನ್ನೆಸ್ಸೀ ಕಿಡ್'ನಲ್ಲಿ ಅವನು ಹಾಡು ಬಿಟ್ಟು ಮಾತಿಗಿಳಿಯುತ್ತಾನೆ. ಅವನು ಅಲ್ಲಿ ಹೇಳುವ ಕಥೆ, ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆಯುವ ಐತಿಹ್ಯ, ಬ್ಲೂಸ್‌ನಲ್ಲಿ ಸವೆದು ಹೋಗಿದೆ. ಹಳೆಯ ಕಥೆಗಾರ ಅಲ್ಲಿ ಬಾಯಿ ಕಟ್ಟಿಕೊಳ್ಳಲಾರದೆ ಹೊರಬಂದಂತಿದೆ. 'ಬೆಟರ್ ಆಫ್ ಅಲೋನ್' ಬೇರೆಯೇ ಮಾತು. ಆಲ್ಬಂ ಬರುವ ಹಿಂದಿನ ವರ್ಷವಷ್ಟೇ ಗಾಯಕಿ ಆಲಿಸನ್ ಮೂರರ್ ಜೊತೆಗಿನ ಅವನ ದಾಂಪತ್ಯ ಮುರಿದ ಸುದ್ದಿ ಬಂದಿತ್ತು. ಅಗಲಿಕೆಯ ಈ ನಿಧಾನ ಹಾಡಿನಲ್ಲಿ ಅವನು ಊರಿನ ಹೆಸರು, ಇಸವಿ, ಸಾಕ್ಷಿ ಯಾವುದನ್ನೂ ಹುಡುಕಿಕೊಂಡು ಹೋಗುವುದಿಲ್ಲ.

ನಿನ್ನ ಕಥನಕವನಗಳ ಅಡಿಯಲ್ಲಿ ಲಾವಣಿಯ ಗತ್ತು ಇದೆ, ನಿನಗೇ ಗೊತ್ತಿರಲಿಕ್ಕಿಲ್ಲ. ಹೊಸದೇನನ್ನೋ ಹುಡುಕುತ್ತ ಅಲೆಯುವ ಬದಲು ಅಲ್ಲಿಂದಲೇ ಹೊರಡು. ನೀನು ಕಳಿಸಿದ ಹನ್ನೊಂದು ಪುಟದ ಕವನದಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಆಡುವ ಒಂದು ಮಾತಿದೆಯಲ್ಲ, ಅದಷ್ಟನ್ನೇ ಇಟ್ಟುಕೋ. ಅಕ್ಷರವೂ ಬದಲಾಗದಂತೆ ಅದನ್ನು ಎರಡು ಸಲ ಬರೆ. ಎರಡನೆಯ ಸಲಕ್ಕೆ ಅದರ ಭಾರ ಬದಲಾಗಿದೆ ಎನಿಸಿದ ಮೇಲೆಯೇ ಮೂರನೆಯ ಸಾಲಿಗೆ ಹೋಗು. ಯುಗಾದಿಯ ಒಳಗೆ ನಾಲ್ಕು ಪದ್ಯ ಕಳಿಸು. ಐದನೆಯದು ಬರೆದಿದ್ದರೆ ನಿನ್ನಲ್ಲೇ ಇರಲಿ.

ನಿನ್ನ,
ಹಿರಿಯ ಗೆಳೆಯ