ಭಾನುವಾರದ ಚರ್ಚೆಯ ಸಮಯ ಬದಲಾವಣೆ

ಸದಸ್ಯರೆಲ್ಲರಿಗೂ ನಮಸ್ಕಾರ. ವರ್ಣಭೇದದಿಂದಾಗಿ ನಿರಪರಾಧಿಗಳಿಗೆ ಶಿಕ್ಷೆಯಾದ ಪ್ರಕರಣಗಳ ಕುರಿತ ಚರ್ಚೆಯು ಬರುವ ಭಾನುವಾರ ಶಿರಸಿಯಲ್ಲಿ, ನಾವು ಎಂದಿನಂತೆ ಸೇರುವ ಜಾಗದಲ್ಲೇ ನಡೆಯಲಿದ್ದು, ಯಲ್ಲಾಪುರದ ಕಡೆಗೆ ಮರಳಬೇಕಾದ ಸಿದ್ದಿ ಗೆಳೆಯರಿಗೆ ಬಸ್ ತಪ್ಪದಿರಲೆಂದು 4ರ ಬದಲು 3 ಗಂಟೆಗೇ ಆರಂಭಿಸುತ್ತೇವೆ.

ಮೊದಲಿಗೆ ಅಮೆರಿಕದ ದಕ್ಷಿಣ ಕೆರೊಲಿನಾದ ಜಾರ್ಜ್ ಸ್ಟಿನ್ನಿಯ ಪ್ರಕರಣ. 1944ರಲ್ಲಿ ಬಿಳಿಯರಷ್ಟೇ ಇದ್ದ ಜ್ಯೂರಿ (ತೀರ್ಮಾನ ನೀಡುವ ಸಾಮಾನ್ಯ ನಾಗರಿಕರ ತಂಡ) ಸುಮಾರು ಹತ್ತು ನಿಮಿಷಗಳಲ್ಲಿ ಈ 14 ವರ್ಷದ ಕಪ್ಪು ಬಾಲಕನನ್ನು ಅಪರಾಧಿಯೆಂದು ತೀರ್ಮಾನಿಸಿತು. ವಕೀಲರು ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ (ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ). ಅದೇ ಜೂನ್‌ನಲ್ಲಿ ಮರಣದಂಡನೆ ಜಾರಿಯಾಯಿತು. ತೀರ್ಪು ರದ್ದಾದದ್ದು 2014ರಲ್ಲಿ.

ನಂತರ, ಪರಿಶಿಷ್ಟ ಪಂಗಡದವರಿಗೂ ಬಂಧನದಲ್ಲಿರುವವರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಸಿಗುವ ಉಚಿತ ಕಾನೂನು ನೆರವಿಗೆ ಅರ್ಜಿ ಬರೆಯುವ ಕ್ರಮವನ್ನು ನೋಡೋಣ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕಾಗಿ ವಿನಂತಿ. ನಡೆಯುತ್ತಿರುವ ಮೊಕದ್ದಮೆಗಳ ವಿವರವನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.