ಕ್ವಿಜ್ ಜೊತೆ ತುರ್ತು ಚಿಕಿತ್ಸೆಯ ಸ್ಪರ್ಧೆಯೂ ಇರಲಿ

ಮಾನ್ಯರೇ,

ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಗಳ ವಾರ್ಷಿಕೋತ್ಸವದಲ್ಲಿ ಪಿ.ಜಿ. ವಿದ್ಯಾರ್ಥಿಗಳಿಗೆ ಕ್ವಿಜ್, ಪೋಸ್ಟರ್, ಪ್ರಬಂಧ ಮಂಡನೆ ಸ್ಪರ್ಧೆಗಳು ನಡೆಯುವುದು ಒಳ್ಳೆಯದೇ. ದಾವಣಗೆರೆಯಲ್ಲಿ ಇದರ ಜೊತೆಗೆ ತುರ್ತು ಚಿಕಿತ್ಸೆಯ ಅಣಕು ಸ್ಪರ್ಧೆಯನ್ನೂ ಇಡಬೇಕು. ಜಗಳೂರು, ಚನ್ನಗಿರಿ, ಹೊನ್ನಾಳಿಯ ನರ್ಸ್‌ಗಳೂ ತಂಡದಲ್ಲಿರಬೇಕು. ಔಷಧ ಬೆರೆಸುವ ಕೈ ಬಹುಪಾಲು ಅವರದೇ ಅಲ್ಲವೇ?

ಬಿ.ಪಿ. ಏರಿ ಗರ್ಭಿಣಿಗೆ ಫಿಟ್ಸ್ ಬಂದಾಗ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟನ್ನೇ ನೋಡಿ. ಶೇ 50ರ 2 ಮಿ.ಲೀ. ಆಂಪೂಲ್‌ನಲ್ಲಿ (ಔಷಧದ ಪುಟ್ಟ ಗಾಜಿನ ಸೀಸೆ) 1 ಗ್ರಾಂ ಇರುತ್ತದೆ. ನಾಲ್ಕು ಆಂಪೂಲ್‌ಗೆ 12 ಮಿ.ಲೀ. ಸಲೈನ್ ಬೆರೆಸಿ, ಆ 20 ಮಿ.ಲೀ.ಯನ್ನು ರಕ್ತನಾಳಕ್ಕೆ ನಿಧಾನವಾಗಿ, ಕನಿಷ್ಠ 5 ನಿಮಿಷ ಹಿಡಿದು ಕೊಡಬೇಕು. ನಂತರ ಎರಡೂ ಪೃಷ್ಠಗಳಿಗೆ ಸಲೈನ್ ಬೆರೆಸದ ಔಷಧವನ್ನೇ ತಲಾ 5 ಗ್ರಾಂನಂತೆ ಸ್ನಾಯುವಿಗೆ ಚುಚ್ಚಬೇಕು. ಗಡಿಬಿಡಿಯಲ್ಲಿ ಎಡವಟ್ಟಾಗುವುದು ಇಲ್ಲೇ: ಬೆರೆಸದ್ದನ್ನು ರಕ್ತನಾಳಕ್ಕೆ ರಭಸದಿಂದ ಕೊಟ್ಟರೆ ಉಸಿರೇ ನಿಲ್ಲಬಹುದು. ಮುಂದಿನ ಡೋಸ್‌ಗೆ ಮುನ್ನ ಮೊಣಕಾಲಿನ ರಿಫ್ಲೆಕ್ಸ್ (ತಟ್ಟಿದಾಗ ಕಾಲು ಚಿಮ್ಮುವುದು), ನಿಮಿಷಕ್ಕೆ ಕನಿಷ್ಠ 16 ಉಸಿರು, ಗಂಟೆಗೆ ಕನಿಷ್ಠ 30 ಮಿ.ಲೀ. ಮೂತ್ರ ಇದೆಯೇ ಎಂದು ನೋಡಲೇಬೇಕು. ಮೂತ್ರ ಕಡಿಮೆಯಾದರೆ ಔಷಧ ದೇಹದಲ್ಲೇ ಉಳಿಯುತ್ತದೆ. ಮ್ಯಾಗ್ನೀಷಿಯಂ ಹೆಚ್ಚಾದಾಗ ಕೊಡುವ ಪ್ರತ್ಯೌಷಧ ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇಯಲ್ಲೇ ಇರಬೇಕು, ಸ್ಟೋರ್ ರೂಮಿನ ಬೀಗದೊಳಗಲ್ಲ.

ತೀರ್ಪುಗಾರರು ಗಡಿಯಾರ ಹಿಡಿದು ಈ ಹೆಜ್ಜೆಗಳಿಗೇ ಅಂಕ ಕೊಡಲಿ. ಬಹುಮಾನವಾಗಿ ಫಲಕದ ಬದಲು ಗೆದ್ದ ತಂಡದ ಆಸ್ಪತ್ರೆಗೆ ಒಂದು ಎಮರ್ಜೆನ್ಸಿ ಟ್ರೇ ಕೊಟ್ಟರೆ ಇನ್ನೂ ಉತ್ತಮ.

– ಹೆರಿಗೆ ವಿಭಾಗದ ಸಿಬ್ಬಂದಿ, ದಾವಣಗೆರೆ