ಆ ಹಡಗಿನ ತಳದಲ್ಲಿ ಇನ್ನೂ ಸ್ವಲ್ಪ ಹೊತ್ತು ಇರು

ಪ್ರೀತಿಯ ತಮ್ಮಾ,

ಇಟಲಿಯ ನೌಕಾಧಿಕಾರಿ ಲುಯಿಜಿ ದುರಾಂಡ್ ದೆ ಲಾ ಪೆನ್ನೆ ಬಗ್ಗೆ ನೀನು ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. 1914ರಲ್ಲಿ ಜಿನೋವಾದಲ್ಲಿ ಹುಟ್ಟಿದ್ದು, ನೌಕಾಪಡೆ ಸೇರಿದ್ದು, ಯುದ್ಧ, ಪದಕ, ಪಾರ್ಲಿಮೆಂಟು, 1992ರಲ್ಲಿ ತೀರಿಕೊಂಡದ್ದು, ಎಲ್ಲ ಸರಿಯಾಗಿದೆ. ಆದರೆ ಎಲ್ಲಕ್ಕೂ ಒಂದೊಂದೇ ಪ್ಯಾರಾ. ಆ ರಾತ್ರಿಗೂ ಒಂದೇ ಪ್ಯಾರಾ ಸಾಕಾ?

1941ರ ಡಿಸೆಂಬರ್ 18. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ 'ಶಿರೆ' ಎಂಬ ಸಬ್‌ಮರೀನ್ ಆರು ಜನರನ್ನು ಬಿಟ್ಟು ಹೋಯಿತು. ಇಬ್ಬಿಬ್ಬರಿಗೆ ಒಂದೊಂದು ಟಾರ್ಪಿಡೊ, ಅಂದರೆ ಸ್ಫೋಟಕ ಹೊತ್ತು ನೀರೊಳಗೆ ಸಾಗುವ ಯಂತ್ರ. ಕುದುರೆ ಏರಿದ ಹಾಗೆ ಅದರ ಮೇಲೆ ಕೂತು, ನೀರೊಳಗೇ ಹೋಗಬೇಕು. ಅದನ್ನು ನೀನು 'ಅತ್ಯಾಧುನಿಕ ರಹಸ್ಯ ಅಸ್ತ್ರ' ಅಂತ ಬರೆದಿದ್ದೀಯ. ಅದರ ಮೇಲೆ ಕೂತವರು ಅದನ್ನು 'ಮಯಾಲೆ' ಅನ್ನುತ್ತಿದ್ದರು. ಮಯಾಲೆ ಅಂದರೆ ಹಂದಿ. ನೀನೂ ಹಂದಿ ಅಂತಲೇ ಬರಿ. ಹೇಳಿದಂತೆ ಕೇಳದ ಯಂತ್ರ ಅದು.

ಬ್ರಿಟಿಷರ 'ವೇಲಿಯಂಟ್' ಯುದ್ಧನೌಕೆಯ ಹತ್ತಿರ ಬಂದಾಗ ಹಂದಿ ಕೆಟ್ಟು ತಳಕ್ಕೆ ಕೂತಿತು. ಜೊತೆಗಾರ ಎಮಿಲಿಯೊ ಬಿಯಾಂಕಿ ಉಸಿರಾಡಲಾಗದೆ ಮೇಲೆ ತೇಲಿದ್ದ. ಪೆನ್ನೆ ಒಬ್ಬನೇ, ಡಿಸೆಂಬರ್ ಚಳಿಯಲ್ಲಿ, ಕಣ್ಣು ಕಾಣದ ಕೆಸರಿನಲ್ಲಿ ಅದನ್ನು ಹಡಗಿನ ಕೆಳಗೆ ಎಳೆದ. ಇದನ್ನೆಲ್ಲ ನೀನು 'ಅಪ್ರತಿಮ ಸಾಹಸದಿಂದ' ಅಂತ ಮುಗಿಸಿಬಿಟ್ಟಿದ್ದೀಯ. ಆ ಪದ ಹೊಡೆದುಹಾಕು. ಎಳೆದದ್ದನ್ನು ಬರಿ. ಎಳೆದ, ನಿಂತ, ಮತ್ತೆ ಎಳೆದ. ಓದುವವರ ಬೆನ್ನು ನೋಯಬೇಕು.

ಆಮೇಲೆ ಇಬ್ಬರೂ ಸಿಕ್ಕಿಬಿದ್ದರು. ಬಾಂಬ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದರೆ ತುಟಿ ಬಿಚ್ಚಲಿಲ್ಲ. ಅವರನ್ನು ಹಡಗಿನ ತಳದ ಕೋಣೆಗೆ ತಳ್ಳಿದರು. ತಾನಿಟ್ಟ ಸ್ಫೋಟಕ ತನ್ನ ಕಾಲಡಿಯಲ್ಲೇ ಎಲ್ಲೋ ಇದೆ ಅಂತ ಪೆನ್ನೆಗೆ ಗೊತ್ತು. ಸಮಯ ಹತ್ತಿರ ಬಂದಾಗ ಕ್ಯಾಪ್ಟನ್ ಚಾರ್ಲ್ಸ್ ಮಾರ್ಗನ್‌ಗೆ ಹೇಳಿಕಳಿಸಿದ. ಹಡಗು ಸಿಡಿಯುತ್ತದೆ, ನಿಮ್ಮವರನ್ನು ಉಳಿಸಿಕೊಳ್ಳಿ ಎಂದ. ಎಲ್ಲಿ ಎಂದು ಆಗಲೂ ಹೇಳಲಿಲ್ಲ. ಅವನನ್ನು ಮತ್ತೆ ಅದೇ ಕೋಣೆಗೆ ಹಾಕಿದರು.

ತಮ್ಮಾ, ಇಲ್ಲಿ ನೀನು ಅವನ ಬಾಯಿಗೆ ದೇಶಭಕ್ತಿಯ ಭಾಷಣ ಹಾಕಿದ್ದೀಯ. ನಾನೂ ಹಿಂದೆ ತೀರಿಹೋದ ಒಬ್ಬ ಸೈನಿಕರ ಬಗ್ಗೆ ಹೀಗೇ ಬರೆದಿದ್ದೆ. ಅವರ ಮಗಳು ಅದನ್ನು ಓದಿ, "ಅಪ್ಪ ಅಷ್ಟೊಂದು ಮಾತಾಡ್ತಿರ್ಲಿಲ್ಲ" ಅಂದರು. ಅಷ್ಟೇ ಅಂದದ್ದು. ಇವತ್ತಿಗೂ ಚುಚ್ಚುತ್ತದೆ. ಪೆನ್ನೆ ಸುಮ್ಮನಿದ್ದ. ಅವನನ್ನು ಸುಮ್ಮನಿರಲು ಬಿಡು.

ಸ್ಫೋಟದಲ್ಲಿ ಇಬ್ಬರೂ ಬದುಕಿಕೊಂಡರು. ಆದರೆ ಅದೇ ಬೆಳಿಗ್ಗೆ ಇನ್ನೊಂದು ಜೋಡಿ ಇಟ್ಟ ಸ್ಫೋಟಕದಿಂದ ಬ್ರಿಟಿಷರದೇ 'ಕ್ವೀನ್ ಎಲಿಜಬೆತ್' ನೌಕೆಯಲ್ಲಿ ನಾವಿಕರು ಸತ್ತರು. ಅದನ್ನು ಬಿಟ್ಟಿದ್ದೀಯ, ಸೇರಿಸು. ಅವನು ದುಡಿದದ್ದು ಮುಸೊಲಿನಿಯ ಇಟಲಿಗೆ ಅನ್ನೋದನ್ನೂ ಮುಚ್ಚಬೇಡ. ಅದನ್ನು ಹೇಳದೆ ಹೋದರೆ, 1943ರಲ್ಲಿ ಇಟಲಿ ಪಕ್ಷ ಬದಲಿಸಿ ಬ್ರಿಟಿಷರ ಕಡೆ ಸೇರಿದ್ದು ಓದುಗರಿಗೆ ತಟ್ಟುವುದೇ ಇಲ್ಲ. 1945ರ ಮಾರ್ಚಿನಲ್ಲಿ ಟರಾಂಟೊದಲ್ಲಿ ಅವನಿಗೆ ಚಿನ್ನದ ಪದಕ ಕೊಟ್ಟಾಗ, ಎದೆಗೆ ಚುಚ್ಚಿದವರು ಅದೇ ಮಾರ್ಗನ್. ಅಲ್ಲಿ ಒಂದು ವಿಶೇಷಣವೂ ಬೇಡ. ಕೈ, ಪಿನ್ನು, ಪದಕ, ಅಷ್ಟು ತೋರಿಸಿದರೆ ಸಾಕು.

ಇನ್ನೊಂದು ಮಾತು. ಬಿಯಾಂಕಿಗೆ ನೀನು ಒಂದು ಸಾಲೂ ಕೊಟ್ಟಿಲ್ಲ. ಅಧಿಕಾರಿಯ ಜೊತೆ ಅದೇ ನೀರಿಗಿಳಿದವನು, ಅದೇ ಕೋಣೆಯಲ್ಲಿ ಕೂತವನು. 2015ರಲ್ಲಿ ತೀರಿಕೊಂಡಾಗ ಅವನಿಗೆ 102 ವರ್ಷ. ಮುಂದಿನ ಕರಡಿನಲ್ಲಿ ಅವನೂ ಇರಲಿ. ಬೇಗ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಕ್ಕ